ಪರೀಕ್ಷೆಗೂ ಬೇಕು ಆರಂಭ ಶಿಲ್ಕು

2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎರಡೂ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದವು. ಈ ನಗರದ ಅನೇಕ ಕನ್ನಡ ಕುಟುಂಬಗಳಿಗೆ ಎರಡರಲ್ಲಿಯೂ ಖಾತೆಗಳಿದ್ದುವು. ಇಂತಹ ಬದಲಾವಣೆಗಳಲ್ಲಿ ಠೇವಣಿದಾರನ ಹಣವನ್ನು ಕಾಯುವುದು ತಂತ್ರಾಂಶ. ತಂತ್ರಾಂಶವನ್ನು ಕಾಯುವುದು ಅದರ ಪರೀಕ್ಷೆ. ಮಗಳು ಗಚ್ಚಿಬೌಲಿಯಲ್ಲಿ ‘ಟೆಸ್ಟಿಂಗ್’ ಮಾಡುತ್ತಾಳೆಂದು ಹೆಮ್ಮೆಪಡುವ ತಂದೆತಾಯಿಗಳಿಗೆ ಆ ಕೆಲಸವೇನೆಂಬುದು ತಿಳಿದಿರುವುದು ಅಪರೂಪವೇ ಸರಿ.

ತಂತ್ರಾಂಶವನ್ನು ತಿದ್ದಿದಾಗಲೆಲ್ಲ ಗಣಕವೇ ನೂರಾರು ಪರೀಕ್ಷೆಗಳನ್ನು ಒಂದರ ಹಿಂದೊಂದು ನಡೆಸುತ್ತದೆ. ಇದಕ್ಕಾಗಿ ಕಲ್ಪಿತ ಖಾತೆಗಳ ಪ್ರತ್ಯೇಕ ಡೇಟಾಬೇಸ್ ಇರುತ್ತದೆ. ಅದರ ಒಂದು ಖಾತೆಯಲ್ಲಿ 1,000 ರೂಪಾಯಿ ಇದೆಯೆನ್ನೋಣ. ಮೊದಲ ಪರೀಕ್ಷೆ 400 ರೂಪಾಯಿ ತೆಗೆಯುತ್ತದೆ. 800 ತೆಗೆಯಬೇಕಾದ ಎರಡನೆಯದು ಅಲ್ಲಿ 600 ಮಾತ್ರ ಇರುವುದರಿಂದ ವಿಫಲವಾಗುತ್ತದೆ. ತಪ್ಪಿಲ್ಲದ ತಂತ್ರಾಂಶಕ್ಕೆ ಅಪವಾದ! ಇದರ ವಿಪರ್ಯಯ ಇನ್ನೂ ಕೆಟ್ಟದ್ದು. ಬಡ್ಡಿ ಜಮೆಯಾಯಿತೇ ಎಂದು ನೋಡುವ ಪರೀಕ್ಷೆಗೆ ಹಿಂದಿನ ಪರೀಕ್ಷೆ ಬಿಟ್ಟುಹೋದ ಜಮಾ ನಮೂದು ಕಂಡರೆ, ಬಡ್ಡಿಯನ್ನೇ ಹಾಕದ ತಂತ್ರಾಂಶವೂ ತೇರ್ಗಡೆಯಾಗುತ್ತದೆ. ಆ ದೋಷ ಮುಂದೆ ಯಾರೋ ಪಿಂಚಣಿದಾರರ ಪಾಸ್‌ಬುಕ್ಕಿನಲ್ಲಿ ಗೋಚರಿಸುತ್ತದೆ.

ಆದುದರಿಂದ ಪ್ರತಿಯೊಂದು ಪರೀಕ್ಷೆಗೂ ಅದೇ ಆರಂಭ ಶಿಲ್ಕು ದೊರೆಯಬೇಕು. ಶೀಘ್ರವಾದ ಉಪಾಯವೆಂದರೆ ಪರೀಕ್ಷೆಯನ್ನು ‘ಟ್ರಾನ್ಸಾಕ್ಷನ್’ ಎಂಬ ಒಂದೇ ಆವರಣದೊಳಗೆ ನಡೆಸಿ, ಕೊನೆಗೆ ‘ರೋಲ್‌ಬ್ಯಾಕ್’ ಆಜ್ಞೆಯಿಂದ ಎಲ್ಲವನ್ನೂ ರದ್ದುಗೊಳಿಸುವುದು; ಪೆನ್ಸಿಲಿನಲ್ಲಿ ಬರೆದು ಅಳಿಸಿದಂತೆ. ಆದರೆ ತಂತ್ರಾಂಶವು ಬೇರೊಂದು ಸಂಪರ್ಕದ ಮೂಲಕ ‘ಕಮಿಟ್’ ಮಾಡಿದ್ದರೆ ಅದು ಶಾಯಿಯ ಬರಹ, ಅಳಿಯದು. ತಾನಾಗಿ ಏರುವ ಕ್ರಮಸಂಖ್ಯೆಗಳೂ ಅನೇಕ ಡೇಟಾಬೇಸ್‌ಗಳಲ್ಲಿ ಹಿಂದಕ್ಕೆ ಬರುವುದಿಲ್ಲ. ಅಂತಹ ಕಡೆ ಕೋಷ್ಟಕಗಳನ್ನು ಬರಿದುಮಾಡಿ ಮೂಲ ನಮೂದುಗಳನ್ನು ಮತ್ತೆ ತುಂಬಬೇಕು, ಇಲ್ಲವೆ ಮೊದಲೇ ತೆಗೆದಿಟ್ಟ ಪ್ರತಿಯಿಂದ ಪುನಃಸ್ಥಾಪಿಸಬೇಕು. ನಿಧಾನವಾದರೂ ಇವು ಖಚಿತ. ಈ ಕೆಲಸವನ್ನು ಪರೀಕ್ಷೆಯ ಅಂತ್ಯಕ್ಕಿಂತ ಆರಂಭದಲ್ಲಿ ಮಾಡುವುದೇ ಲೇಸು, ಏಕೆಂದರೆ ನಡುವೆ ಕುಸಿದುಬಿದ್ದ ಪರೀಕ್ಷೆ ತನ್ನ ಕಸವನ್ನು ತಾನು ಗುಡಿಸಲಾರದು.

ಬರಿದುಮಾಡುವ ಆಜ್ಞೆ ದಾರಿ ತಪ್ಪಿ ನಿಜವಾದ ಖಾತೆಗಳನ್ನೇ ತಲುಪಿದರೆ? ಇದು ಬರಿಯ ಭೀತಿಯಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ದುರಸ್ತಿಯ ನಡುವೆ ಅಳಿಸುವ ಆಜ್ಞೆ ಬೇರೊಂದು ಯಂತ್ರಕ್ಕೆ ಹೋಗಬೇಕಾದದ್ದು ಮುಖ್ಯ ಡೇಟಾಬೇಸಿನ ಮೇಲೆಯೇ ನಡೆದು, ಸುಮಾರು 6 ಗಂಟೆಗಳ ದಾಖಲೆಗಳು ಶಾಶ್ವತವಾಗಿ ನಷ್ಟವಾದವು. ಎಚ್ಚರಿಕೆಯ ಫಲಕ ತೂಗುಹಾಕಿದರೆ ಸಾಲದು. ಪರೀಕ್ಷೆ ನಡೆಸುವ ಬಳಕೆದಾರನಿಗೆ ನಿಜ ಡೇಟಾಬೇಸಿನ ಪ್ರವೇಶಾಧಿಕಾರವೇ ಇರಕೂಡದು. ತಿಜೋರಿಯ ಎರಡು ಕೀಲಿಕೈಗಳು ಎಂದೂ ಒಬ್ಬರ ಬಳಿಯಲ್ಲಿರುವುದಿಲ್ಲವಷ್ಟೆ.