ಭಾರದ ಗುಂಡು ಮೇಲೆ, ಹಗುರದ್ದು ಕೆಳಗೆ: ರಿವಾಲ್ವರ್‌ನ ತಲೆಕೆಳಗು ಲೆಕ್ಕ

ಈ ಸಲದ ಪ್ರಶ್ನೆ ನಮ್ಮ ಏರಿಯಾದಿಂದಾನೇ ಬಂದಿದೆ. ಜ್ಞಾನಭಾರತಿ ಕ್ಯಾಂಪಸ್‌ನಲ್ಲಿ ಓದ್ತಿರೋ, ಎನ್‌ಸಿಸಿ ಕ್ಯಾಂಪಲ್ಲಿ .22 ರೈಫಲ್ ಹೊಡೆದು ರುಚಿ ಹತ್ತಿರೋ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದಾನೆ. "ಅಣ್ಣಾ, ಬಿಜಿಎಂಐ ಆಡುವಾಗ ದೂರಕ್ಕೆ ಹೊಡೆದ ಗುಂಡು ಕೆಳಗೆ ಇಳಿಯುತ್ತೆ, ಸರಿ. ಆದ್ರೆ ಯೂಟ್ಯೂಬಲ್ಲಿ ಅಮೆರಿಕದವನೊಬ್ಬ ಒಂದೇ ರಿವಾಲ್ವರಲ್ಲಿ ಹಗುರದ ಗುಂಡು, ಭಾರದ ಗುಂಡು ಎರಡೂ ಹೊಡೆದು ತೋರಿಸಿದ. ಭಾರದ್ದೇ ಮೇಲೆ ಹೋಗಿ ಕೂತಿದೆ! ಎರಡನ್ನೂ ಒಂದೇ ಜಾಗಕ್ಕೆ ತರೋಕೆ ಅವನು ಒದ್ದಾಡ್ತಿದ್ದ. ಏನಿದು?"

ಒಳ್ಳೇ ಪ್ರಶ್ನೆ. ಮೊದಲು ಆ ಅಮೆರಿಕದವನು ಏನು ಮಾಡ್ತಿದ್ದ ಅಂತ ಹೇಳಿಬಿಡ್ತೀನಿ. ಒಂದು ತೋಟೆಯಲ್ಲಿ ಇರೋದು ನಾಲ್ಕೇ ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸೋ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಕೋಶ ಉಳಿಯುತ್ತೆ. ಅದಕ್ಕೆ ಹೊಸ ಕೇಪು, ಮದ್ದು, ಗುಂಡು ತಾನೇ ಕೂರಿಸಿಕೊಂಡ್ರೆ ಖರ್ಚು ಕಮ್ಮಿ, ಬೇಕಾದ ತೂಕ ಬೇಕಾದ ವೇಗ. ನಮ್ಮ ಮಲೆನಾಡಿನ ಕೇಪಿನ ಕೋವಿಗೂ ಮದ್ದು, ಚರೆ ಕೈಯಲ್ಲೇ ತುಂಬ್ತಾರಲ್ಲ, ಹೆಚ್ಚುಕಮ್ಮಿ ಅದರದ್ದೇ ಕಾರ್ಖಾನೆ ರೂಪ ಅಂದುಕೊಳ್ಳಿ. ಅಭ್ಯಾಸಕ್ಕೆ ಹಗುರದ್ದು, ಸ್ಪರ್ಧೆಗೆ ಭಾರದ್ದು ಅಂತ ಎರಡು ಥರ ಮಾಡಿಟ್ಟುಕೊಂಡಾಗ ಈ ತಲೆನೋವು ಶುರು.

ಈಗ ಅಸಲಿ ವಿಷಯ. ಟ್ರಿಗರ್ ಒತ್ತಿದ ಮೇಲೆ ಗುಂಡು ಹೊರಗೆ ಹಾರಿ, ಆಮೇಲೆ ಗನ್ ಒದೆಯುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಹಾಗಲ್ಲ. ಗುಂಡು ನಳಿಗೆಯೊಳಗೆ ಮುಂದಕ್ಕೆ ಹೊರಟ ಕ್ಷಣದಿಂದಲೇ ಗನ್ ಹಿಂದಕ್ಕೆ ಹೊರಟಿರುತ್ತೆ. ರಿವಾಲ್ವರ್‌ನಲ್ಲಿ ನಳಿಗೆ ಮೇಲಿದೆ, ನಮ್ಮ ಮುಷ್ಟಿ ಕೆಳಗಿದೆ. ಒದೆತ ಮೇಲೆ, ತಡೆ ಕೆಳಗೆ. ಹಾಗಾಗಿ ಗನ್ ಸೀದಾ ಹಿಂದಕ್ಕೆ ಬರೋ ಬದಲು ಮೂತಿ ಎತ್ತುತ್ತೆ. ಕಣ್ಣಿಗೆ ಕಾಣೋ ದೊಡ್ಡ ಕುಪ್ಪಳಿಕೆ ಗುಂಡು ಹೋದ ಮೇಲಿಂದು. ಆದ್ರೆ ಗುಂಡು ಒಳಗಿರುವಾಗಲೇ ಒಂದು ಸಣ್ಣ ಎತ್ತುವಿಕೆ ಆಗಿಹೋಗಿರುತ್ತೆ. ಎಲ್ಲ ಆಟ ಇರೋದು ಆ ಸಣ್ಣದರಲ್ಲಿ.

ಎಷ್ಟು ಸಣ್ಣದು? ಲೆಕ್ಕ ಹಾಕೋಣ, ನಾನು ಕಾಮರ್ಸ್‌ನವನು, ಎರಡೂ ಕಡೆ ಟ್ಯಾಲಿ ಆದ್ರೆ ಸಾಕು ನನಗೆ. .38 ಸ್ಪೆಷಲ್ ರಿವಾಲ್ವರ್, 900 ಗ್ರಾಂ ತೂಕ, 10 ಸೆಂಟಿಮೀಟರ್ ನಳಿಗೆ ಅಂತ ಇಟ್ಕೊಳ್ಳಿ. ಹಗುರದ ಗುಂಡು 110 ಗ್ರೇನ್, ಅಂದ್ರೆ ಸುಮಾರು 7.1 ಗ್ರಾಂ. ಭಾರದ್ದು 158 ಗ್ರೇನ್, ಸುಮಾರು 10.2 ಗ್ರಾಂ. ಗುಂಡು ನಳಿಗೆ ದಾಟೋಷ್ಟರಲ್ಲಿ ಗನ್ ಎಷ್ಟು ಹಿಂದೆ ಸರಿಯುತ್ತೆ ಅನ್ನೋದು ಗುಂಡಿನ ತೂಕಕ್ಕೂ ಗನ್ನಿನ ತೂಕಕ್ಕೂ ಇರೋ ಅನುಪಾತ. ಹಗುರದ್ದಕ್ಕೆ 0.8 ಮಿಲಿಮೀಟರ್, ಭಾರದ್ದಕ್ಕೆ 1.1 ಮಿಲಿಮೀಟರ್. ಇಲ್ಲಿ ನನಗೆ ಮಜಾ ಅನ್ನಿಸಿದ್ದು ಏನು ಗೊತ್ತಾ? ಈ ಲೆಕ್ಕದಲ್ಲಿ ವೇಗ ಬರೋದೇ ಇಲ್ಲ! ಜೋರಾಗಿ ಹೋಗೋ ಗುಂಡು ಗನ್ನನ್ನ ಜೋರಾಗಿ ತಳ್ಳುತ್ತೆ, ಆದ್ರೆ ಬೇಗ ಹೊರಟುಹೋಗುತ್ತೆ. ನಿಧಾನದ್ದು ಮೆತ್ತಗೆ ತಳ್ಳುತ್ತೆ, ಜಾಸ್ತಿ ಹೊತ್ತು ಒಳಗಿರುತ್ತೆ. ಎರಡೂ ವಜಾ. ಉಳಿಯೋದು ತೂಕ ಮಾತ್ರ. ಹಿಡಿತ, ಮದ್ದಿನ ಅನಿಲ ಇವು ನಿಜವಾದ ಗನ್ನಲ್ಲಿ ಇದನ್ನ ಒಂಚೂರು ಅತ್ತಿತ್ತ ಮಾಡ್ತವೆ, ಆದ್ರೆ ಮುಖ್ಯ ಪಾತ್ರಧಾರಿ ತೂಕವೇ.

ಭಾರದ ಗುಂಡಿಗೆ ಮೂತಿ ಜಾಸ್ತಿ ಎದ್ದಿರುತ್ತೆ. ಜಾಸ್ತಿ ಅಂದ್ರೆ, ಒಂದು ಡಿಗ್ರಿಯಲ್ಲಿ ಹತ್ತನೇ ಒಂದು ಭಾಗ ಅಂತಲೇ ಇಟ್ಕೊಳ್ಳಿ. 25 ಮೀಟರ್ ದೂರದಲ್ಲಿ ಅದು 4.4 ಸೆಂಟಿಮೀಟರ್ ಆಗುತ್ತೆ.

ಹಾಗಾದ್ರೆ ಬಿಜಿಎಂಐಯಲ್ಲಿ ನೋಡಿದ್ದು ಸುಳ್ಳಾ? ಇಲ್ಲ, ಅದೂ ನಡೀತಾನೇ ಇರುತ್ತೆ. ಹಗುರದ್ದು ಸೆಕೆಂಡಿಗೆ 300 ಮೀಟರ್, ಭಾರದ್ದು 230 ಮೀಟರ್ ವೇಗದಲ್ಲಿ ಹೋದ್ರೆ, 25 ಮೀಟರ್ ತಲುಪೋಷ್ಟರಲ್ಲಿ ಗುರುತ್ವ ಮೊದಲನೇದನ್ನ 3.4 ಸೆಂಟಿಮೀಟರ್ ಇಳಿಸುತ್ತೆ, ಎರಡನೇದನ್ನ 5.8 ಸೆಂಟಿಮೀಟರ್. ಭಾರದ್ದು 2.4 ಜಾಸ್ತಿ ಇಳೀತು. ಆದ್ರೆ ಹೊರಡುವಾಗಲೇ 4.4 ಮೇಲಕ್ಕೆ ಮುಖ ಮಾಡಿತ್ತಲ್ಲ. ಕಳೆದ್ರೆ ಎರಡು ಸೆಂಟಿಮೀಟರ್ ಮೇಲೆ. ಯೂಟ್ಯೂಬಿನವನ ಹಾಳೆಯಲ್ಲಿ ಕಂಡಿದ್ದು ಇದೇ.

ಇನ್ನೂ ಒಂದು ಇದೆ. ಮೂತಿ ಎದ್ದ ವ್ಯತ್ಯಾಸ ದೂರದ ಜೊತೆ ಸಮವಾಗಿ ಬೆಳೆಯುತ್ತೆ, ಗುರುತ್ವದ ಇಳಿತ ದೂರದ ವರ್ಗದ ಹಾಗೆ ಬೆಳೆಯುತ್ತೆ. ಹಾಗಾಗಿ ಇದೇ ಅಂಕಿಗಳಲ್ಲಿ ಸುಮಾರು 45 ಮೀಟರ್ ಹತ್ತಿರ ಎರಡೂ ಗುಂಡು ತಾವಾಗೇ ಒಂದಾಗುತ್ತವೆ, ಅದರಾಚೆ ಭಾರದ್ದೇ ಕೆಳಗೆ. ಅಂದ್ರೆ "ಎರಡೂ ಒಂದೇ ಜಾಗಕ್ಕೆ ಹೊಡೀತವೆ" ಅಂತ ಯಾರಾದ್ರೂ ಹೇಳಿದ್ರೆ, "ಎಷ್ಟು ಮೀಟರಲ್ಲಿ ಗುರು?" ಅಂತ ಕೇಳಿ.

ಎರಡು ಸೆಂಟಿಮೀಟರ್‌ಗೆ ಇಷ್ಟು ರಾಮಾಯಣ ಯಾಕೆ? 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆ ನೋಡಿ. ಅದರ ಮೊದಲ ಅರ್ಧದ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್, ಆಮೇಲೆ ಪ್ರತಿ 25 ಮಿಲಿಮೀಟರ್‌ಗೆ ಒಂದೊಂದು ಅಂಕ ಕಟ್. ಎರಡು ಸೆಂಟಿಮೀಟರ್ ಅಂದ್ರೆ ಹತ್ತಿರ ಹತ್ತಿರ ಒಂದು ಅಂಕ, ಅದೂ ಪ್ರತಿ ಹೊಡೆತಕ್ಕೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಇದೇ ಸ್ಪರ್ಧೆಯಲ್ಲಿ 600ಕ್ಕೆ 590 ತಗೊಂಡು ಚಿನ್ನ ಗೆದ್ದರು. 60 ಹೊಡೆತದಲ್ಲಿ ಕಳಕೊಂಡಿದ್ದು ಹತ್ತೇ ಅಂಕ.

ಸರಿ, ಒಂದೇ ಜಾಗಕ್ಕೆ ತರೋದು ಹೇಗೆ? ತೂಕವೇ ಕಾರಣ ಅಂತ ಗೊತ್ತಾದ ಮೇಲೆ ದಾರಿ ಸುಲಭ: ತೂಕ ಬದಲಿಸಬೇಡಿ. ಅಭ್ಯಾಸಕ್ಕೂ ಸ್ಪರ್ಧೆಗೂ ಅದೇ ತೂಕದ ಗುಂಡು, ವೇಗ ಮಾತ್ರ ಒಂದಿಷ್ಟು ಕಮ್ಮಿ. ಆಗ ಉಳಿಯೋ ವ್ಯತ್ಯಾಸ ಸಣ್ಣದು. ತೂಕ ಬದಲಾಗಲೇಬೇಕು ಅಂದ್ರೆ ಹಿಂದಿನ ಸೈಟನ್ನ ಇಷ್ಟು ಕ್ಲಿಕ್ ತಿರುಗಿಸಬೇಕು ಅಂತ ಬರೆದಿಟ್ಟುಕೊಂಡು ಪ್ರತಿ ಸಲ ತಿರುಗಿಸಬೇಕು. ನನ್ನ ಕೇಳಿದ್ರೆ ಮೊದಲನೇದೇ ವಾಸಿ. ಕ್ಲಿಕ್ ಮರೆಯೋದು ಮನುಷ್ಯ ಸಹಜ.

ಸ್ಕ್ರೂ ಇಲ್ಲದ ಸೈಟ್ ಆದ್ರೆ ಆ ದಾರಿಯೂ ಬಂದ್. ಹಳೇ ಸಿನಿಮಾದ ಇನ್ಸ್‌ಪೆಕ್ಟರ್ ಸೊಂಟದಲ್ಲಿ ಇರ್ತಿತ್ತಲ್ಲ, ಆ ಥರದ್ದು. ಅಂಥ ರಿವಾಲ್ವರ್‌ಗಳಲ್ಲಿ ಮುಂದಿನ ಸೈಟ್ ಎತ್ತರವಾಗಿರುತ್ತೆ. ಸೈಟ್ ಗುರಿ ನೋಡ್ತಿದ್ರೂ ನಳಿಗೆ ಸ್ವಲ್ಪ ಕೆಳಗೆ ನೋಡ್ತಿರುತ್ತೆ, ಮೂತಿ ಏಳುತ್ತೆ ಅಂತ ಮೊದಲೇ ಗೊತ್ತಿದ್ದು ಮಾಡಿದ ಹೊಂದಾಣಿಕೆ. ಆ ಹೊಂದಾಣಿಕೆ ಒಂದೇ ತೂಕಕ್ಕೆ. 1930ರ ದಶಕದಲ್ಲಿ ಬ್ರಿಟಿಷ್ ಸೇನೆ ತನ್ನ .38 ಎನ್‌ಫೀಲ್ಡ್‌ಗೆ ಮೊದಲು 200 ಗ್ರೇನ್ ಸೀಸದ ಗುಂಡು ಕೊಟ್ಟು, ಆಮೇಲೆ 178 ಗ್ರೇನ್‌ನ ಲೋಹದ ಹೊದಿಕೆಯ ಗುಂಡಿಗೆ ಬದಲಾಯಿಸಿತು. ಗುಂಡು ಹಗುರ ಆದ್ರೆ ಕೆಳಗೆ ಬೀಳುತ್ತೆ, ಮುಂದಿನ ಸೈಟ್ ತಗ್ಗಿಸಬೇಕು. ಎನ್‌ಫೀಲ್ಡ್‌ನ ಮುಂದಿನ ಸೈಟ್ ಸ್ಕ್ರೂ ಹಾಕಿ ಕೂರಿಸಿದ್ದರಿಂದ ಬೇರೆ ಎತ್ತರದ್ದು ಹಾಕೋ ಅವಕಾಶ ಇತ್ತು.

ಈಗ ವಾಯ್ಸ್ ನೋಟಿನ ಕೊನೆಗೆ ನಗ್ತಾ ಕೇಳಿದ್ದಕ್ಕೆ ಬರ್ತೀನಿ: "ಮನೇಲೇ ಟ್ರೈ ಮಾಡಬಹುದಾ?" ಬೇಡ ತಮ್ಮಾ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಗನ್ ಮಾತ್ರ ಅಲ್ಲ, ಮದ್ದುಗುಂಡು ತಯಾರಿಸೋದೂ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಕಾನೂನು ಬದಿಗಿಟ್ಟರೂ, ಮದ್ದು ಜಾಸ್ತಿ ಆದ್ರೆ ಸಿಲಿಂಡರ್ ಒಡೆಯುತ್ತೆ. ತೀರಾ ಕಮ್ಮಿ ಆದ್ರೆ ಗುಂಡು ನಳಿಗೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಗೊತ್ತಾಗದೆ ಮುಂದಿನದು ಹೊಡೆದ್ರೆ ಕೈಯಲ್ಲಿರೋದೇ ಸಿಡಿಯುತ್ತೆ.

ನಿನಗೆ ಗೊತ್ತಿರೋ .22 ತೋಟೆಯಲ್ಲಂತೂ ಈ ಪ್ರಶ್ನೆಯೇ ಇಲ್ಲ, ಅದರ ಕಿಡಿಮದ್ದು ಕೋಶದ ಅಂಚಿನೊಳಗೇ ಇರೋದರಿಂದ ಮತ್ತೆ ತುಂಬೋ ರೂಢಿ ಇಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲ್ ಕೂಡ .22 ಆಟವೇ. ಅಲ್ಲಿ ಶೂಟರ್‌ಗಳು ಮಾಡೋದು ಆರಿಸೋ ಕೆಲಸ. ರೇಂಜಲ್ಲಿ, ಕೋಚ್ ಪಕ್ಕದಲ್ಲಿ, ಬೇರೆ ಬೇರೆ ಬ್ಯಾಚಿನ ತೋಟೆಗಳನ್ನ ಒಂದೇ ದೂರಕ್ಕೆ, ಒಂದೇ ಹಿಡಿತದಲ್ಲಿ ಹೊಡೆದು ನೋಡೋದು. ಅಷ್ಟನ್ನ ನೀನೂ ಮಾಡಬಹುದು. ಒಂದೊಂದಕ್ಕೂ ಬೇರೆ ಹಾಳೆ ಹಾಕು, ಐದೈದು ಹೊಡೆತ ಹೊಡಿ, ಆಮೇಲೆ ಗುಂಪಿನ ನಡುವನ್ನ ಅಳೆ. ಮಧ್ಯದಲ್ಲಿ ಸೈಟ್ ಮುಟ್ಟಬೇಡ.