ಮೀನಿಗೆ ಸಲೈನ್ ಹಚ್ಚಿದ ರಾತ್ರಿ

ಏಪ್ರಿಲ್ ರಜೆಗೆ ಪುಣೆಗೆ ಹೊರಟಿದ್ದ ಅಕ್ಕನ ಮಗಳು ಮಾನ್ವಿಯಿಂದ ನನ್ನ ರಾಯಚೂರಿನ ಬಾಡಿಗೆ ಮನೆಗೆ ಬಂದು, ಬಾಟಲಿಯಲ್ಲಿದ್ದ ಕೆಂಪು ಬೆಟ್ಟಾ ಮೀನನ್ನು ನನ್ನ ಕೈಗಿಟ್ಟಳು. "ಮಾಮಾ, ದಿನಾ ನಾಕ ಕಾಳು ಹಾಕು. ಜಾಸ್ತಿ ಹಾಕಬ್ಯಾಡ." ಮೀನಿನ ಹೆಸರು ಮಿಂಚು. ಅದರ ಇಪ್ಪತ್ತು ಲೀಟರಿನ ಟ್ಯಾಂಕು ಕಾರಿನಲ್ಲಿ ಹಿಡಿಯಲಿಲ್ಲ, ಮಾನ್ವಿಯಲ್ಲೇ ಉಳಿಯಿತು. ಒಂದು ತಿಂಗಳ ಮಾತಲ್ಲವೇ ಎಂದು ಆರು ಲೀಟರಿನ ಗಾಜಿನ ಜಾಡಿಗೆ ನಲ್ಲಿ ನೀರು ತುಂಬಿ ಬಿಟ್ಟೆ. ನಮ್ಮ ಲೇಔಟಿನ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು.

ಐದನೇ ದಿನ ಮಿಂಚು ತಳ ಹಿಡಿಯಿತು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿತ್ತು, ಬಾಲದ ಅಂಚು ಕಪ್ಪಾಗಿ ಹರಿದಿತ್ತು, ಕಿವಿರಿನ ಹತ್ತಿರ ಕೆಂಪಗಾಗಿತ್ತು. ಹಾಕಿದ ಕಾಳು ಹಾಗೇ ತೇಲುತ್ತಿತ್ತು.

ನಾನು ಮಾಡಿದ್ದನ್ನು ಕೆಲಸದಲ್ಲಿ ಜೂನಿಯರ್ ಯಾರಾದರೂ ಮಾಡಿದ್ದರೆ ಬೈಯುತ್ತಿದ್ದೆ. ಕಾರಣ ಗೊತ್ತಿಲ್ಲದೆ ಒಂದೇ ಸಂಜೆ ಮೂರು ಬದಲಾವಣೆ: ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧ, ಒಂದು ಚಮಚ ಕಲ್ಲುಪ್ಪು, ಜಾಡಿಯ ಜಾಗ ಕಿಟಕಿಯಿಂದ ಅಡುಗೆಮನೆಗೆ. ಆ ಔಷಧ ಫಂಗಸ್‌ಗೆ ಒಳ್ಳೆಯದೇ, ಆದರೆ ಮಿಂಚುಗೆ ಫಂಗಸ್ ಇರಲೇ ಇಲ್ಲ. ಎರಡು ದಿನ ನೀಲಿ ನೀರಿನಲ್ಲಿ ಅದು ಅಲ್ಲಾಡದೆ ಕೂತಿತ್ತು. ಮೀನಿನ ಅಂಗಡಿಯವನು ಫೋಟೋ ನೋಡಿ, "ಬ್ಯಾಸಗ್ಯಾಗ ಇವು ಉಳಿಯಂಗಿಲ್ರಿ ಸರ್. ಅದೇ ಬಣ್ಣದ್ದು ಐತಿ, ಒಯ್ರಿ. ಹುಡುಗಿಗೇನ್ ಗೊತ್ತಾಗ್ತೈತಿ?" ಎಂದ. ಫೋನಿನಲ್ಲಿ ಅಕ್ಕನೂ ಅದನ್ನೇ ಹೇಳಿದಳು. ನಿಜ ಹೇಳುತ್ತೇನೆ, ಅವನು ತೋರಿಸಿದ ಮೀನಿನ ಬೆಲೆ ಕೇಳಿಯೇ ಬಂದಿದ್ದೆ.

ಆ ರಾತ್ರಿ ದೇವದುರ್ಗದಿಂದ ಅವ್ವ ಫೋನ್ ಮಾಡಿದಳು. ಎಲ್ಲ ಕೇಳಿ ಅಂದದ್ದು ಇಷ್ಟೇ: "ಸಿಹಿನೀರಾಗ ಇದ್ದದ್ದನ್ನ ಸವಳು ನೀರಿಗೆ ಹಾಕೀದಿ. ನಾನು ಮಾನ್ವಿ ಬಿಟ್ಟು ಈ ಮನಿಗೆ ಬಂದಾಗ ತಿಂಗಳಗಟ್ಟಲೆ ಹೊಟ್ಟಿ ಸರಿ ಇರಲಿಲ್ಲ. ಇಲ್ಲಿ ಬೋರಿನ ನೀರಾಗ ಬ್ಯಾಳಿ ಸೈತ ಬೇಯಂಗಿಲ್ಲ." ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಅಕ್ಕನ ಮನೆಯ ನೀರು ಆ ಕಾಲುವೆಯದು. ಬೆಟ್ಟಾ ಮೂಲತಃ ಥಾಯ್ಲೆಂಡಿನ ಕಡೆಯ ಭತ್ತದ ಗದ್ದೆ, ಜೌಗುಗಳ ಮೀನು. 2019ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಭತ್ತದ ಮಾನ್ವಿಯಲ್ಲಿ ಅದು ತವರಿನಲ್ಲಿದ್ದ ಹಾಗೆಯೇ ಇತ್ತು ಅನ್ನಿ.

ಆನ್‌ಲೈನಿನಲ್ಲಿ ತರಿಸಿದ ಟೆಸ್ಟ್ ಕಿಟ್ ಮಾರನೇ ದಿನ ಬಂತು. ಟಿಡಿಎಸ್ 1100 ದಾಟಿತ್ತು, ಪಿಎಚ್ 8.2. ನೀಲಿ ಬಣ್ಣ ಕಲೆಸಿದ್ದರಿಂದ ಅಮೋನಿಯಾ ಸರಿಯಾಗಿ ಓದಲು ಬರಲಿಲ್ಲ. ಎರಡು ಪಿಪಿಎಂ ಅಂದುಕೊಂಡೆ, ಒಂದಂತೂ ಇತ್ತು. ಇರಬೇಕಾದ್ದು ಸೊನ್ನೆ.

ಅವ್ವ ಹೇಳಿದ್ದು ಅರ್ಧ ಉತ್ತರ. ಇನ್ನರ್ಧ ಇಲ್ಲಿದೆ. ಮೀನಿನ ಹೊಲಸು ಮತ್ತು ಉಳಿದ ಕಾಳಿನಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಹಳೆಯ ಟ್ಯಾಂಕಿನ ಫಿಲ್ಟರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ಹೊಸದಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನನ್ನ ಜಾಡಿಗೆ ಎಂಟು ದಿನ. ಜೊತೆಗೆ, ಅದೇ ಅಮೋನಿಯಾ ಎಲ್ಲ ನೀರಿನಲ್ಲೂ ಒಂದೇ ತರಹ ಸುಡುವುದಿಲ್ಲ. ನೀರು 30 ಡಿಗ್ರಿ ಇದ್ದು ಪಿಎಚ್ 7 ಆಗಿದ್ದರೆ ಅದರಲ್ಲಿ ಶೇಕಡಾ ಒಂದರಷ್ಟೂ ವಿಷರೂಪದಲ್ಲಿ ಇರುವುದಿಲ್ಲ. ಪಿಎಚ್ 8.2 ಆದರೆ ಸುಮಾರು ಶೇಕಡಾ 11. ಬಿಸಿ ಹೆಚ್ಚಿದಷ್ಟೂ ಇದೂ ಹೆಚ್ಚುತ್ತದೆ. ನಮ್ಮ ಊರಿನ ಏಪ್ರಿಲ್ ಬಗ್ಗೆ ಹೇಳಬೇಕಾಗಿಲ್ಲ. ಅದರ ಮೇಲೆ ದಿನಾ ಆವಿಯಾಗುವ ನೀರಿಗೆ ಬೋರ್ ನೀರನ್ನೇ ಸೇರಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಲವಣವೆಲ್ಲ ಜಾಡಿಯಲ್ಲೇ ಉಳಿಯುತ್ತದೆ.

ಶನಿವಾರ ಬೆಳಿಗ್ಗೆ ಕೆಂಪು ಬಸ್ಸು ಹಿಡಿದು ಮಾನ್ವಿಗೆ ಹೋದೆ. ಪಕ್ಕದ ಮನೆಯವರು ಕೀಲಿ ಕೊಟ್ಟರು. ಒಳಗೆ ಹೋದರೆ ಟ್ಯಾಂಕಿನ ಫಿಲ್ಟರ್ ಗುರ್ ಅನ್ನುತ್ತಿತ್ತು, ಅಕ್ಕ ಆರಿಸುವುದನ್ನೇ ಮರೆತಿದ್ದಳು! ಆರಿಸಿದ್ದರೆ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತಿರುತ್ತಿದ್ದವು. ಫಿಲ್ಟರಿನ ಸ್ಪಂಜನ್ನು ತೊಳೆಯದೆ, ಅದೇ ನೀರಿನ ಜೊತೆ ಊಟದ ಡಬ್ಬಿಗೆ ಹಾಕಿದೆ. ಟ್ಯಾಂಕಿನ ನೀರು ಒಂದು ಕ್ಯಾನಿಗೆ. ಖಾಲಿ ಟ್ಯಾಂಕು ತೊಡೆಯ ಮೇಲೆ. ಕಂಡಕ್ಟರ್ ಡಬ್ಬಿ ನೋಡಿ, "ಏನ್ರಿ, ಊಟ?" ಎಂದ. ಹೂಂ ಅಂದೆ.

ಮನೆಗೆ ಬಂದ ಕೂಡಲೇ ಮಿಂಚುವನ್ನು ಹಳೇ ನೀರಿಗೆ ಎತ್ತಿ ಹಾಕುವಂತಿರಲಿಲ್ಲ. ಲವಣ, ಪಿಎಚ್ ಎರಡೂ ಒಮ್ಮೆಗೇ ಬದಲಾದರೆ ಮೊದಲೇ ಸೋತ ಮೀನಿಗೆ ಅದೇ ಕೊನೆಯ ಏಟಾಗಬಹುದು. ಮೆಡಿಕಲ್ ಶಾಪಿನಿಂದ ಸಲೈನ್ ಪೈಪು ತಂದು, ಕ್ಯಾನನ್ನು ಕುರ್ಚಿಯ ಮೇಲಿಟ್ಟು, ಜಾಡಿಗೆ ಹನಿ ಹನಿಯಾಗಿ ಮಾನ್ವಿ ನೀರು ಬಿಟ್ಟೆ. ಜಾಡಿ ತುಂಬಿದಂತೆ ಒಂದೊಂದು ಲೋಟ ಹಳೆಯ ನೀರು ಹೊರಗೆ. ಬಾಡಿಗೆ ಕೇಳಲು ಬಂದ ಮನೆ ಮಾಲಕಿ ಬಾಗಿಲಲ್ಲೇ ನಿಂತರು. "ಅಯ್ಯ, ಮೀನಿಗೂ ಸಲೈನ್ ಹಚ್ಚೀರೇನ್ರಿ?" ರಾತ್ರಿ ಹನ್ನೊಂದರವರೆಗೆ ಹಚ್ಚಿದ್ದೆ. ಆಮೇಲೆ ಟ್ಯಾಂಕಿಗೆ ಬಿಟ್ಟೆ.

ಔಷಧ ನಿಲ್ಲಿಸಿದೆ. ಎರಡು ದಿನ ಕಾಳು ಹಾಕಲಿಲ್ಲ. ಪ್ರತಿದಿನ ಕಾಲು ಭಾಗ ಮಾತ್ರ ನೀರು ಬದಲಿಸಿದೆ. ಮಾನ್ವಿ ನೀರು ಮುಗಿದ ಮೇಲೆ ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯುವ ಆರ್‌ಒ ನೀರು ಮೂರು ಪಾಲು, ಬೋರ್ ನೀರು ಒಂದು ಪಾಲು. ಬರೀ ಆರ್‌ಒ ಹಾಕಬೇಡಿ. ಅದರಲ್ಲಿ ಕಾರ್ಬೊನೇಟ್ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ ದಿಢೀರನೆ ಕುಸಿಯುತ್ತದೆ. ಆವಿಯಾದಷ್ಟನ್ನು ತುಂಬಲು ಮಾತ್ರ ಆರ್‌ಒ ಸರಿ. ಬಿಸಿಲಿಗೆ ಐಸ್ ಬದಲು ಟೇಬಲ್ ಫ್ಯಾನನ್ನು ನೀರಿನ ಮೇಲೆ ತಿರುಗಿಸಿಟ್ಟೆ. ನಮ್ಮ ಒಣ ಹವೆಯಲ್ಲಿ ಅಷ್ಟೇ ಸಾಕು, ಎರಡು ಮೂರು ಡಿಗ್ರಿ ಇಳಿಯುತ್ತದೆ. ಯಾರೋ ಕಾಡು ಬಾದಾಮಿಯ ಒಣ ಎಲೆ ಹಾಕು ಎಂದರು, ಹಾಕಿದೆ. ನೀರು ಚಹಾದ ಬಣ್ಣಕ್ಕೆ ಬಂತು. ಪಿಎಚ್ ಅಲ್ಲಾಡಲಿಲ್ಲ. ಇಷ್ಟು ಕಾರ್ಬೊನೇಟ್ ಇರುವ ನೀರಿನಲ್ಲಿ ಎಲೆಯ ಆಟ ನಡೆಯುವುದಿಲ್ಲ.

ನಾಲ್ಕನೇ ದಿನ ಅಮೋನಿಯಾ ಸೊನ್ನೆ. ಐದನೇ ದಿನ ಮಿಂಚು ಮೇಲೆ ಬಂದು ಒಂದು ಕಾಳು ಬಾಯಿಗೆ ಹಾಕಿಕೊಂಡಿತು, ಉಗುಳಿತು, ಮತ್ತೆ ಹಾಕಿಕೊಂಡಿತು. ಆಫೀಸ್ ಕಾಲ್‌ನಲ್ಲಿದ್ದೆ, ಮ್ಯೂಟ್ ಮಾಡಿ ಅವ್ವನಿಗೆ ವಿಡಿಯೋ ಕಳಿಸಿದೆ.

ಮೇ ತಿಂಗಳಲ್ಲಿ ಅಕ್ಕನ ಮಗಳು ಬಂದಳು. ಟ್ಯಾಂಕಿನ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು. ಬಾಲ ಹೊಸದಾಗಿ ಬೆಳೆದ ಕಡೆ ಬಣ್ಣ ಇನ್ನೂ ತುಂಬದೆ ಗಾಜಿನ ಹಾಗೆ ಪಾರದರ್ಶಕವಾಗಿತ್ತು.

"ಮಾಮಾ, ಇದು ನಮ್ಮ ಮಿಂಚು ಅಲ್ಲ. ಬ್ಯಾರೇದು ತಂದಿಟ್ಟೀದಿ."

ಮೊಬೈಲ್ ತೆಗೆದು ದಿನಾಂಕದ ಸಮೇತ ಇಪ್ಪತ್ತಾರು ಫೋಟೋ ತೋರಿಸಿದೆ. ಅವಳು ಒಂದನ್ನೂ ನೋಡಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಎಡಕ್ಕೆ ಎಳೆದಳು. ಮಿಂಚು ಬೆರಳಿನ ಹಿಂದೆಯೇ ಹೋಯಿತು. ಬಲಕ್ಕೆ ಎಳೆದಳು. ಅದೂ ತಿರುಗಿತು.

"ಹೌದು, ನಮ್ದ" ಎಂದಳು.