ಪಡು ಬಾಲಿಯ ಇಗರ್ಜಿ ಊರು

ಬಾಲಿಗೆ ಹೋಗಿದ್ದೆ ಅಂದರೆ ಸಾಕು, ಕೂಟಾ ಕಡಲತೀರ ಹೇಗಿದೆ, ಉಬುದ್ ಹೇಗಿದೆ ಎಂದು ಶುರುಮಾಡುತ್ತಾರೆ. ನಾನು ಹೋದದ್ದು ಕೋಕೋ ನೋಡಲು. ಪುತ್ತೂರು ಕಡೆಯ ಅಡಿಕೆ ತೋಟದವ ನಾನು. ಅಡಿಕೆ ಮರಗಳ ನಡುವೆ ಒಂದಷ್ಟು ಕೋಕೋ ಗಿಡಗಳಿವೆ. ಬಾಲಿಯ ಜೆಂಬ್ರಾನಾ ಜಿಲ್ಲೆಯ ರೈತರು ಹುಳಿ ಬರಿಸಿ ಒಣಗಿಸಿದ ಕೋಕೋ ಬೀಜ ಫ್ರಾನ್ಸಿನ ಚಾಕೊಲೇಟಿನವರೆಗೆ ಹೋಗುತ್ತದೆ ಎಂದು ಓದಿದ್ದೆ. ಅದೊಂದು ಕುತೂಹಲಕ್ಕೆ, ಪ್ರವಾಸಿಗರೆಲ್ಲ ಹೋಗುವ ದಿಕ್ಕು ಬಿಟ್ಟು ಪಡುವಣಕ್ಕೆ ಕಾರು ಹಿಡಿದೆ.

ಡೆನ್ಪಸಾರ್ ಪೇಟೆಯಿಂದ ದ್ವೀಪದ ಪಡುವಣ ತುದಿಯ ಗಿಲಿಮಾನುಕ್‌ಗೆ ಸುಮಾರು 130 ಕಿಲೋಮೀಟರ್. ದೂರ ಹೆಚ್ಚಲ್ಲ, ಲಾರಿಗಳ ಹಿಂದೆ ಸಿಕ್ಕಿಬಿದ್ದರೆ ಮಾತ್ರ ಅರ್ಧ ದಿನ ಹೋಯಿತು ಎಂದೇ ಲೆಕ್ಕ. ಜಾವಾದಿಂದ ರಸ್ತೆ ಮೂಲಕ ಬಾಲಿಗೆ ಬರುವ ಸಾಮಾನಿಗೆ ಗಿಲಿಮಾನುಕ್ ಫೆರಿಯೇ ಬಾಗಿಲು. ಕಡಲಿನ ಆಚೆ ಕಾಣುವುದು ಜಾವಾದ ಬನ್ಯುವಾಂಗಿ, ಅಲ್ಲಿನ ಧಕ್ಕೆ ಕೆತಪಾಂಗ್. ನಡುವಿನ ಜಲಸಂಧಿ ತೀರಾ ಕಿರಿದಾದಲ್ಲಿ ಎರಡೂವರೆ ಕಿಲೋಮೀಟರ್ ಇದ್ದೀತು. ಹಗಲೂ ರಾತ್ರಿ ಫೆರಿಗಳು ಲಾರಿ, ಬಸ್ಸು, ಬೈಕುಗಳನ್ನು ಹೊಟ್ಟೆಗೆ ತುಂಬಿಕೊಂಡು ದಾಟುತ್ತಲೇ ಇರುತ್ತವೆ. ದಾಟಲು ಮುಕ್ಕಾಲು ಗಂಟೆ. ಗಡಿಯಾರದ ಲೆಕ್ಕ ಬೇರೆ: ಬಾಲಿಯ ಸಮಯ ಜಾವಾಕ್ಕಿಂತ ಒಂದು ಗಂಟೆ ಮುಂದೆ. ಹಾಗಾಗಿ ಬಾಲಿಯಿಂದ ಹತ್ತಕ್ಕೆ ಹೊರಟವರು ಆಚೆ ದಡ ಮುಟ್ಟುವಾಗ ಇನ್ನೂ ಹತ್ತು ಆಗಿರುವುದಿಲ್ಲ.

ದಾರಿ ಕಿರಿದು ಅಂದಮಾತ್ರಕ್ಕೆ ನೀರು ಸಾಧು ಅಲ್ಲ. ಈ ಜಲಸಂಧಿಯ ಸೆಳೆತ ಜೋರು. 2025ರ ಜುಲೈ 2ರ ರಾತ್ರಿ ಕೆತಪಾಂಗ್‌ನಿಂದ ಹೊರಟ ಫೆರಿಯೊಂದು 65 ಜನರ ಸಮೇತ ಮುಳುಗಿತು. ಬದುಕಿದವರು ಸುಮಾರು ಅರ್ಧದಷ್ಟು ಮಂದಿ. ಆಮೇಲೆ ಅಂಥದೇ ಹಲವು ಹಡಗುಗಳನ್ನು ತಪಾಸಣೆಗೆ ನಿಲ್ಲಿಸಿದರು. ಜಾವಾ ಬದಿಯಲ್ಲಿ ಲಾರಿಗಳ ಸಾಲು ಮೈಲುಗಟ್ಟಲೆ ಬೆಳೆಯಿತು.

ಈ ನೀರು ಇಲ್ಲಿ ಯಾಕಿದೆ ಎಂಬುದಕ್ಕೆ ಭೂವಿಜ್ಞಾನಿಗಳ ಉತ್ತರ ಸರಳ. ಹಿಮಯುಗದಲ್ಲಿ ಕಡಲು ಕೆಳಗಿದ್ದಾಗ ಜಾವಾ, ಬಾಲಿ ಎರಡೂ ಒಂದೇ ನೆಲ, ಕಡಲು ಏರಿದಾಗ ತಗ್ಗು ಮುಳುಗಿತು. ಬಾಲಿಯವರ ಉತ್ತರ ಇದಕ್ಕಿಂತ ರುಚಿ. ಜಾವಾದ ಪುರೋಹಿತ ಸಿದ್ಧಿಮಂತ್ರನಿಗೆ ಮಾನಿಕ್ ಅಂಕೆರಾನ್ ಎಂಬ ಮಗ, ಮಹಾ ಜೂಜುಕೋರ. ಸಾಲ ತೀರಿಸಲು ಅಪ್ಪ ಬಾಲಿಯ ದೊಡ್ಡ ಬೆಟ್ಟ ಆಗುಂಗ್‌ನಲ್ಲಿರುವ ನಾಗ ಬಸುಕಿಯ ಬಳಿ ಚಿನ್ನ ಬೇಡಿ ತರುತ್ತಾನೆ. ಗುಟ್ಟು ತಿಳಿದ ಮಗ ತಾನೇ ಹೋಗುತ್ತಾನೆ. ನಾಗ ಚಿನ್ನ ಕೊಟ್ಟರೂ ಅವನ ಕಣ್ಣು ಬಾಲದ ರತ್ನದ ಮೇಲೆ. ಬಾಲ ಕಡಿದು ಓಡುತ್ತಾನೆ, ನಾಗ ಅವನ ಹೆಜ್ಜೆ ಗುರುತು ನೆಕ್ಕಿದ್ದೇ ಮಗ ಸುಟ್ಟು ಬೂದಿಯಾಗುತ್ತಾನೆ. ಅಪ್ಪ ಬಂದು ನಾಗನ ಬಾಲ ಕೂಡಿಸಿ ಮಗನನ್ನು ಬದುಕಿಸಿಕೊಳ್ಳುತ್ತಾನೆ, ಆದರೆ ಮಗನನ್ನು ಅಲ್ಲೇ ಸೇವೆಗೆ ಬಿಟ್ಟುಬರಬೇಕು. ಮರಳುವ ದಾರಿಯಲ್ಲಿ, ನೆಲ ಸಪೂರವಾದ ಜಾಗದಲ್ಲಿ, ಮಗ ಹಿಂದೆ ಬಾರದಿರಲೆಂದು ಕೋಲಿನಿಂದ ಒಂದು ಗೆರೆ ಎಳೆಯುತ್ತಾನೆ. ಆ ಗೆರೆಯಲ್ಲಿ ಕಡಲು ನುಗ್ಗಿತಂತೆ. ನಾಗ ಬಸುಕಿ ಬೇರೆ ಯಾರೂ ಅಲ್ಲ, ನಮ್ಮ ಕುಕ್ಕೆಯಲ್ಲಿ ಸುಬ್ರಹ್ಮಣ್ಯನ ಜೊತೆ ಪೂಜೆಗೊಳ್ಳುವ ವಾಸುಕಿಯೇ.

ನಾನು ಉಳಿದುಕೊಂಡದ್ದು ಧಕ್ಕೆಯಲ್ಲಲ್ಲ, ಅದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಈಚೆ, ಮೆಲಾಯಾದಿಂದ ಗುಡ್ಡದ ಬದಿಗೆ ತಿರುಗಿದರೆ ಸಿಗುವ ಬ್ಲಿಂಬಿಂಗ್‌ಸಾರಿಯಲ್ಲಿ. ತೆಂಗಿನ ಕೆಳಗೆ ಕೋಕೋ, ನೇರ ಬೀದಿಗಳು, ಗುಡಿಸಿ ಒಪ್ಪವಾಗಿಟ್ಟ ಅಂಗಳ. ಹಿಂದೂಗಳೇ ಹೆಚ್ಚಿರುವ ಬಾಲಿಯಲ್ಲಿ ಇದು ಕ್ರೈಸ್ತರ ಊರು. ಮೇಲಿನಿಂದ ನೋಡಿದರೆ ಬೀದಿಗಳು ಶಿಲುಬೆಯ ಆಕಾರದಲ್ಲಿವೆಯಂತೆ. ನೆಲದ ಮೇಲೆ ನಡೆಯುವವನಿಗೆ ಹಾಗೇನೂ ಅನಿಸಲಿಲ್ಲ.

ಈ ಊರು ಹುಟ್ಟಿದ ರೀತಿ ಮಾತ್ರ ನನ್ನನ್ನು ಕೋಕೋವನ್ನೂ ಮರೆತು ಹಿಡಿದಿಟ್ಟಿತು. ಡಚ್ ಸರ್ಕಾರ ಬಹುಕಾಲ ಬಾಲಿಗೆ ಪಾದ್ರಿಗಳನ್ನು ಬಿಟ್ಟಿರಲಿಲ್ಲ. 1930ರ ಹೊತ್ತಿಗೆ ಅಲ್ಲಿನ ಚೀನೀಯರ ನಡುವೆ ಕೆಲಸ ಮಾಡಲು ತ್ಸಾಂಗ್ ತೊ ಹಾಂಗ್ ಎಂಬ ಪ್ರಚಾರಕ ಬಂದ. ಅವನ ಮಾತು ಬಾಲಿಯವರ ಕಿವಿಗೂ ಬಿತ್ತು. 1931ರ ನವೆಂಬರಿನಲ್ಲಿ ಯೇಹ್ ಪೋಹ್ ಎಂಬ ಹೊಳೆಯಲ್ಲಿ ಹನ್ನೆರಡು ಮಂದಿ ಬಾಲಿಯವರು ದೀಕ್ಷಾಸ್ನಾನ ಮಾಡಿದರು. ಅಲ್ಲಿಂದ ತಾಪತ್ರಯ ಶುರು. ಬಾಲಿಯಲ್ಲಿ ಗದ್ದೆಗೆ ನೀರು ಹಂಚುವುದು ಸುಬಕ್ ಎಂಬ ರೈತರ ಕೂಟ. ಅದರ ಕೆಲಸವೂ ದೇವಸ್ಥಾನದ ಪೂಜೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಪೂಜೆಗೆ ಬಾರದವನಿಗೆ ನೀರು ಏಕೆ ಕೊಡಬೇಕು ಎಂಬ ಪ್ರಶ್ನೆ ಎದ್ದಿತು. ಸತ್ತರೆ ಊರ ಮಸಣದಲ್ಲಿ ಹೂಳಲು ಜಾಗವಿಲ್ಲ ಎಂದಾಯಿತು. ಗದ್ದೆಗೆ ನೀರಿಲ್ಲ, ಹೆಣಕ್ಕೆ ನೆಲವಿಲ್ಲ. ಇನ್ನು ಊರಲ್ಲಿ ಉಳಿಯುವುದೆಂದರೆ ಹೇಗೆ?

ಜಗಳ ತಣಿಸಲು ಸರ್ಕಾರ ಹುಡುಕಿದ ದಾರಿ, ಅವರನ್ನು ದೂರ ಸಾಗಿಸುವುದು. ಪಡುವಣದ ದಟ್ಟ ಕಾಡಿನಲ್ಲಿ ಜಾಗ ತೋರಿಸಿತು. 1939ರ ನವೆಂಬರ್ ಕೊನೆಯಲ್ಲಿ ಮೂವತ್ತಕ್ಕೂ ಹೆಚ್ಚು ಗಂಡಸರ ತಂಡ ಕತ್ತಿ ಕೊಡಲಿ ಹಿಡಿದು ಇಲ್ಲಿಗೆ ಬಂತು. ದೆವ್ವಗಳ ಕಾಡು ಎಂದು ಜನ ಹತ್ತಿರ ಸುಳಿಯದ ಜಾಗ. ದೆವ್ವದ ಮಾತು ಬಿಡೋಣ, ಹುಲಿಯ ಭಯವಂತೂ ನಿಜವೇ. ದಾಖಲೆಯಲ್ಲಿರುವ ಕೊನೆಯ ಬಾಲಿ ಹುಲಿ ಗುಂಡಿಗೆ ಬಿದ್ದದ್ದು ಇದೇ ಪಡುವಣ ಬಾಲಿಯ ಸುಂಬರ್‌ಕಿಮಾದಲ್ಲಿ, 1937ರ ಸೆಪ್ಟೆಂಬರಿನಲ್ಲಿ. ಇವರು ಬಂದದ್ದು ಅದಾಗಿ ಎರಡೇ ವರ್ಷಕ್ಕೆ. ಹುಲಿ ಅಳಿಯಿತು ಎಂದು ಆಗ ಅವರಿಗೆ ಹೇಳುವವರು ಯಾರು? 1940ರಲ್ಲಿ ಪಕ್ಕದಲ್ಲೇ ಪಾಲಸಾರಿ ಎಂಬ ಕ್ಯಾಥೊಲಿಕರ ಊರೂ ಹೀಗೆಯೇ ಕಾಡು ಕಡಿದು ಹುಟ್ಟಿತು. ಅದರ ಮುಂದಾಳು ಸಿಮೋನ್ ಬಾಯ್ಸ್ ಎಂಬ ಡಚ್ ಪಾದ್ರಿ. ಆತ ಅದಕ್ಕೆ ಮೊದಲು ಫ್ಲೋರೆಸ್ ದ್ವೀಪದಲ್ಲಿ ಸಿನಿಮಾ ತೆಗೆದವನೂ ಹೌದು.

ಹೀಗೆ ಹೊರಹಾಕಿಸಿಕೊಂಡವರು ಕೋಪದಿಂದ ಹಳೆಯದನ್ನೆಲ್ಲ ಬಿಸಾಡಿದರೂ ಆಶ್ಚರ್ಯವಿರಲಿಲ್ಲ. ಇವರು ಬಿಸಾಡಲಿಲ್ಲ. 1976ರ ಭೂಕಂಪದಲ್ಲಿ ಹಳೆಯ ಇಗರ್ಜಿ ಕುಸಿದಾಗ, ಹೊಸದನ್ನು ಪಕ್ಕಾ ಬಾಲಿ ಶೈಲಿಯಲ್ಲೇ ಕಟ್ಟಿದರು. ಅದು ಪ್ನಿಯೇಲ್ ಇಗರ್ಜಿ. ಮುಂದೆ ಎರಡಾಗಿ ಸೀಳಿದಂಥ ದ್ವಾರ, ಒಳಗೆ ಗೋಡೆಯಿಲ್ಲದ ದೊಡ್ಡ ಚಾವಡಿ, ಪಕ್ಕದಲ್ಲಿ ಹರಿಯುವ ನೀರು. ಗಂಟೆಯ ಜಾಗದಲ್ಲಿ ಕುಲ್‌ಕುಲ್, ಅಂದರೆ ಕೊರೆದ ಮರದ ದಿಮ್ಮಿ. ಬಾಲಿಯ ದೇವಸ್ಥಾನಗಳಲ್ಲಿ ಜನರನ್ನು ಕರೆಯಲು ಬಡಿಯುವುದು ಅದನ್ನೇ. ಪ್ರಾರ್ಥನೆಗೆ ಗಾಮೆಲಾನ್ ವಾದ್ಯ, ಕ್ರಿಸ್ಮಸ್ಸಿಗೆ ಮನೆಮನೆಯ ಮುಂದೆ ಬಾಗಿದ ಬಿದಿರಿನ ಪೆಂಜೋರ್ ತೋರಣ. ಕ್ರೈಸ್ತ ಹೆಸರಿನ ಪಕ್ಕದಲ್ಲೇ ವಯಾನ್, ಮಾಡೆ, ನ್ಯೋಮಾನ್, ಕೆತುತ್ ಎಂಬ, ಹುಟ್ಟಿದ ಸರದಿ ಹೇಳುವ ಬಾಲಿ ಹೆಸರುಗಳೂ ಹಾಗೇ ಇವೆ. ಊರು ಇವರನ್ನು ಬಿಟ್ಟಿತು, ಇವರು ಊರನ್ನು ಬಿಡಲಿಲ್ಲ ಎಂದೇ ನನಗೆ ಕಂಡದ್ದು.

ಉಳಿದ ಮನೆಯ ಯಜಮಾನಿಯನ್ನು ಎಲ್ಲರೂ ಕರೆಯುವಂತೆ ನಾನೂ ಇಬು ಎಂದೆ, ಅಮ್ಮ ಎಂಬ ಹಾಗೆ. ಮಾಂಸ, ಮೀನು ತಿನ್ನುವುದಿಲ್ಲ ಎಂದು ಅವರಿಗೆ ತಿಳಿಸುವಷ್ಟರಲ್ಲಿ ನಮ್ಮ ಕಾರಿನ ಹುಡುಗನ ಗಂಟಲು ಒಣಗಿತ್ತು. ಮರುದಿನ ತಟ್ಟೆಗೆ ಬಂದದ್ದು ಎಳೆ ಗುಜ್ಜೆಯ ಸಾರು! ಅರಸಿನ, ಬೆಳ್ಳುಳ್ಳಿ, ಕಾಯಿಮೆಣಸು ಎಲ್ಲ ಇತ್ತು. ಒಗ್ಗರಣೆ ಒಂದಿದ್ದರೆ ಮನೆಗೆ ಫೋನು ಮಾಡುತ್ತಿರಲಿಲ್ಲ.

ಇನ್ನು ಕೋಕೋ. ನಮ್ಮಲ್ಲಿ ಬಹುಪಾಲು ಮಂದಿ ಕಾಯಿ ಒಡೆದು ಹಸಿಬೀಜವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತೇವೆ, ಹುಳಿ ಬರಿಸುವ ರಗಳೆ ಕೊಂಡವರಿಗೆ. ಜೆಂಬ್ರಾನಾದಲ್ಲಿ ಸಹಕಾರಿ ಸಂಘದ ಮೂಲಕ ರೈತರೇ ಆ ಕೆಲಸ ಮಾಡುತ್ತಾರೆ. ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ ಬಾಳೆ ಎಲೆ ಮುಚ್ಚುತ್ತಾರೆ. ಎರಡು ದಿನಕ್ಕೊಮ್ಮೆ ಕೆಳಗಿನ ಪೆಟ್ಟಿಗೆಗೆ ಮಗುಚುತ್ತಾರೆ. ಐದನೇ ದಿನಕ್ಕೆ ತೆಗೆದು ಬಿಸಿಲಿಗೆ. ಪೆಟ್ಟಿಗೆಯೊಳಗೆ ಕೈಯಿಟ್ಟರೆ ಸುಡುವಷ್ಟು ಬಿಸಿ, ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಈ ಐದು ದಿನದಲ್ಲೇ ಚಾಕೊಲೇಟಿನ ರುಚಿ ಹುಟ್ಟುವುದು, ಇದನ್ನು ತಪ್ಪಿಸಿ ಬರೀ ಒಣಗಿಸಿದರೆ ಬೀಜ ಕಹಿ ಮಾತ್ರ. ಹುಳಿ ಬಂದ ಬೀಜಕ್ಕೆ ದರವೂ ಹೆಚ್ಚು. ಹಾಗೆಂದು ಸುಖವೇನಿಲ್ಲ: ಮಳೆಗೆ ಕಾಯಿ ಕಪ್ಪಾಗಿ ಕೊಳೆಯುವುದು ನಮ್ಮಂತೆಯೇ, ಅದರ ಮೇಲೆ ಕಾಯಿಕೊರಕದ ಕಾಟ. ಎಳೆಕಾಯಿಗೆ ಪ್ಲಾಸ್ಟಿಕ್ ತೊಟ್ಟೆ ತೊಡಿಸಿ ಕಾಪಾಡುವುದುಂಟು. ಮರ ಎತ್ತರವಾದರೆ ಅದು ಯಾರಿಂದಾಗುತ್ತದೆ? ಹುಡುಗರೆಲ್ಲ ಡೆನ್ಪಸಾರ್‌ನ ಹೋಟೆಲುಗಳಲ್ಲಿ. ನಮ್ಮಲ್ಲಿ ಬೆಂಗಳೂರು, ಅಷ್ಟೇ ವ್ಯತ್ಯಾಸ.

ಗಿಲಿಮಾನುಕ್ ನೋಡದೆ ಬರಲಾದೀತೇ ಎಂದು ಒಂದು ಮಧ್ಯಾಹ್ನ ಹೋದೆವು. ಜಾವಾದಿಂದ ಇಳಿದವರ ಗುರುತಿನ ಚೀಟಿ ನೋಡುವ ಪೊಲೀಸರು, ಲಾರಿ ಸಾಲು, ಅದನ್ನು ನಂಬಿ ಬದುಕುವ ಅಂಗಡಿಗಳು. ಇಲ್ಲಿನ ಆಯಾಮ್ ಬೆತುತು ಎಂಬ ಖಾರದ ಕೋಳಿ ಇಂಡೋನೇಷ್ಯದಲ್ಲೆಲ್ಲ ಹೆಸರುವಾಸಿ. ಅದನ್ನು ತಿಂದು ಕಣ್ಣೀರು ಸುರಿಸಿದ್ದು ಕಾರಿನ ಹುಡುಗ. ನನಗೆ ಅನ್ನ, ಹುರಿದ ನೆಲಗಡಲೆ, ಸಿಗಡಿ ಸೇರದ ಸಾಂಬಾಲ್. ಗಿಲಿಮಾನುಕ್‌ನಿಂದ ಡೆನ್ಪಸಾರ್ ಬದಿಯ ಮೆಂಗ್ವಿಗೆ ಟೋಲ್ ರಸ್ತೆ ಮಾಡುತ್ತೇವೆಂದು 2022ರಲ್ಲಿ ಶಂಕುಸ್ಥಾಪನೆ ಆಗಿತ್ತು, ಆಮೇಲೆ ಕೆಲಸ ನಿಂತುಹೋಯಿತು. ಹಳೇ ರಸ್ತೆಬದಿಯ ಅಂಗಡಿಯವರ ಪಾಲಿಗೆ ಅದು ಕೆಟ್ಟ ಸುದ್ದಿ ಇರಲಾರದು.

ಇಷ್ಟು ಗಡಿಬಿಡಿಯ ಧಕ್ಕೆ ವರ್ಷದಲ್ಲಿ ಒಂದು ದಿನ ಪೂರ್ತಿ ಬಂದ್. ಅದು ನ್ಯೆಪಿ, ಶಕವರ್ಷದ ಮೊದಲ ದಿನ. ಘಟ್ಟದ ಮೇಲಿನವರ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ನಮ್ಮ ಬಿಸುವಿಗೂ ಇದಕ್ಕೂ ಕೆಲವು ವಾರ ಅಂತರ. ದೀಪ ಹಚ್ಚುವಂತಿಲ್ಲ, ಯಾವ ಧರ್ಮದವರೂ ಬೀದಿಗಿಳಿಯುವಂತಿಲ್ಲ, ವಿಮಾನವೂ ಹಾರದು. 2025ರಲ್ಲಿ ನ್ಯೆಪಿ ಮಾರ್ಚ್ 29ಕ್ಕೆ ಬಿತ್ತು, ರಂಜಾನ್ ಹಬ್ಬ 31ಕ್ಕೆ. ಹಬ್ಬಕ್ಕೆ ಜಾವಾದ ಮನೆಗೆ ಹೊರಟ ಸಾವಿರಾರು ಮಂದಿ ಬಾಗಿಲು ಮುಚ್ಚುವ ಮೊದಲೇ ದಾಟಲು ಬೈಕು ಕಾರುಗಳಲ್ಲಿ ಮುಗಿಬಿದ್ದಿದ್ದರು.

ಕಂಬಳದವನಾದ ನನಗೆ ಜೆಂಬ್ರಾನಾದಲ್ಲಿ ಇನ್ನೊಂದು ಸೆಳೆತವಿತ್ತು: ಮೆಕೆಪುಂಗ್, ಅಂದರೆ ಕೋಣಗಳ ಓಟ. ಜೋಡಿ ಕೋಣಕ್ಕೆ ಪುಟ್ಟ ಗಾಡಿ ಕಟ್ಟಿ ಮಣ್ಣಿನ ದಾರಿಯಲ್ಲಿ ಓಡಿಸುತ್ತಾರೆ. ಇಜೋ ಗಾಡಿಂಗ್ ಹೊಳೆಯ ಆಚೆಯವರು ಒಂದು ಪಂಗಡ, ಈಚೆಯವರು ಇನ್ನೊಂದು. ಬಾವುಟ ಕೆಂಪು ಮತ್ತು ಹಸಿರು. ಗೆಲುವಿನ ಲೆಕ್ಕ ಚಂದ: ಜೋಡಿಗಳು ಒಂದರ ಹಿಂದೆ ಒಂದು ಹೊರಡುತ್ತವೆ, ಕೊನೆಯಲ್ಲಿ ನಡುವಿನ ಅಂತರ ಹತ್ತು ಮೀಟರಿಗಿಂತ ಕಡಿಮೆಯಾದರೆ ಹಿಂದಿನದೇ ಗೆದ್ದಂತೆ. ಕೆಸರುಗದ್ದೆಯಲ್ಲಿ ಹಲಗೆ ಮೇಲೆ ನಿಂತು ಓಡಿಸುವ ಲಂಪಿತ್ ಎಂಬ ಬಗೆಯೂ ಇದೆ, ನಮ್ಮ ಅಡ್ಡ ಹಲಗೆಯ ಅಣ್ಣತಮ್ಮ. ಮೊಳೆ ಬಡಿದ ಕೋಲಿನಿಂದ ಕೋಣದ ಬೆನ್ನಿಗೆ ಹೊಡೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಬೆತ್ತದ ವಿಷಯಕ್ಕೇ ನಾವು ಸುಪ್ರೀಂ ಕೋರ್ಟಿನವರೆಗೆ ಹೋಗಿಬಂದವರಲ್ಲವೇ?

ಮೆಕೆಪುಂಗ್ ನಡೆಯುವುದು ಹೆಚ್ಚಾಗಿ ಜುಲೈಯಿಂದ ನವೆಂಬರ್‌ವರೆಗಿನ ಭಾನುವಾರಗಳಲ್ಲಿ, ಬೆಳಿಗ್ಗೆ ಬೇಗ. ನಮ್ಮ ಕಂಬಳದ ಕರೆಗಳಲ್ಲಿ ಕೋಣ ಇಳಿಯುವುದು ಅದು ಮುಗಿಯುವ ಹೊತ್ತಿಗೆ. ಎರಡನ್ನೂ ನೋಡುವ ಹುಚ್ಚಿರುವವರಿಗೆ ತಾರೀಕು ಅಡ್ಡ ಬರುವುದಿಲ್ಲ.